ಜೋರು ಸದ್ದು, ಸಣ್ಣ ತೂತು: ಬೆಕ್ಕಿನ ಮರಿಗಳ ಹುಟ್ಟು ಹೃದಯದೋಷ

(ಬೆಕ್ಕು ಸಾಕುವವರು ಮತ್ತು ಬೀದಿಯ ಮರಿಗಳನ್ನು ತಂದು ಬೆಳೆಸುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎಂಟು ವಾರದ ಮರಿಯನ್ನು ಮೊದಲ ಲಸಿಕೆಗೆಂದು ಕರೆದುಕೊಂಡು ಹೋಗಿರುತ್ತೀರಿ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟವರು ತೆಗೆಯುವುದೇ ಇಲ್ಲ. ಎಡಕ್ಕೆ ಇಡುತ್ತಾರೆ, ಬಲಕ್ಕೆ ಇಡುತ್ತಾರೆ, ಮತ್ತೆ ಎಡಕ್ಕೆ. ಆಮೇಲೆ "ಇದರ ಎದೆಯಲ್ಲಿ ಮರ್ಮರ್ ಇದೆ" ಅನ್ನುತ್ತಾರೆ, ಅಂದರೆ ಹೃದಯದ ಬಡಿತದ ಜೊತೆ ಕೇಳುವ ಹೆಚ್ಚುವರಿ ಸದ್ದು. ಮನೆಗೆ ಬರುವಷ್ಟರಲ್ಲಿ ಮರಿ ಇನ್ನು ಉಳಿಯುವುದಿಲ್ಲ ಎಂದು ಮನೆಮಂದಿ ತೀರ್ಮಾನಿಸಿಬಿಟ್ಟಿರುತ್ತಾರೆ. ಇಲ್ಲವೇ, ಅದು ಪರದೆ ಹತ್ತಿ ಕುಣಿಯುವುದನ್ನು ನೋಡಿ "ಏನೂ ಇಲ್ಲ ಬಿಡಿ" ಎಂದು ವಿಷಯವನ್ನೇ ಮರೆಯುತ್ತಾರೆ. ಎರಡೂ ತಪ್ಪು. ಎರಡರಿಂದಲೂ ಮರಿಗಳು ಸಾಯುತ್ತವೆ: ಮೊದಲನೆಯದರಲ್ಲಿ ಸಾಕುವವರು ಆರೈಕೆ ಬಿಡುವುದರಿಂದ, ಎರಡನೆಯದರಲ್ಲಿ ಚಿಕಿತ್ಸೆಯ ಹೊತ್ತು ಮೀರುವುದರಿಂದ.

ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಒಂದು. ಎದೆಯಲ್ಲಿ ಕೇಳುವ ಸದ್ದು ಎಷ್ಟು ಜೋರು ಎಂಬುದರಿಂದ ರೋಗ ಎಷ್ಟು ಜೋರು ಎಂದು ತಿಳಿಯುವುದಿಲ್ಲ. ಅದನ್ನು ಹೇಳುವುದು ಎಕೋ ಪರೀಕ್ಷೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಮನೆಯಲ್ಲಿ ದಿನದಿನದ ಸ್ಥಿತಿ ಹೇಳುವುದು ನಿದ್ದೆಯಲ್ಲಿರುವ ಮರಿಯ ಉಸಿರಿನ ಎಣಿಕೆ. ಮಿಕ್ಕಿದ್ದೆಲ್ಲ ಇವೆರಡರ ಸುತ್ತ ಬರುತ್ತದೆ.

ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿರುವ ಬೆಕ್ಕುಗಳು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಬೆಕ್ಕಿನ ಗಬ್ಬ 63ರಿಂದ 65 ದಿನ. ಅದರ ಮೊದಲ ಅರ್ಧದಲ್ಲೇ ಹೃದಯದ ಗೋಡೆಗಳು, ಕವಾಟಗಳು ರೂಪುಗೊಂಡಿರುತ್ತವೆ. ಎಷ್ಟೋ ಸಲ ಗಬ್ಬ ನಿಂತದ್ದು ನಮಗೆ ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಹಾಗಾಗಿ "ನಾವೇನು ತಪ್ಪು ಮಾಡಿದೆವು" ಎಂದು ಕೊರಗುವವರಿಗೆ ಹೇಳುವ ಮಾತು: ಹೆಚ್ಚಿನ ಮರಿಗಳಲ್ಲಿ ಕಾರಣ ಹುಡುಕಿದರೂ ಸಿಗುವುದಿಲ್ಲ. ಒಂದು ವಿಷಯ ಮಾತ್ರ ನಮ್ಮ ಕೈಯಲ್ಲಿದೆ. ಪರ್ಷಿಯನ್ ಬೆಕ್ಕುಗಳಿಗೆ ಹುಳುಕಡ್ಡಿ ಬಂದಾಗ ಗ್ರಿಸಿಯೊಫಲ್ವಿನ್ ಮಾತ್ರೆ ಕೊಡುವ ರೂಢಿ ಇದೆ. ಗಬ್ಬದ ಬೆಕ್ಕಿಗೆ ಅದನ್ನು ಕೊಟ್ಟರೆ ಹೊಟ್ಟೆಯಲ್ಲಿರುವ ಮರಿಗಳ ಅಂಗರಚನೆ ಕೆಡುತ್ತದೆ. ಗಬ್ಬ ಇರಬಹುದೆಂಬ ಅನುಮಾನವಿದ್ದರೂ ಅದು ಬೇಡ.

ಈಗ ಹೃದಯಕ್ಕೆ ಬರೋಣ. ದೊಡ್ಡ ಬೆಕ್ಕಿನ ಹೃದಯ ತೂಗುವುದು 15ರಿಂದ 20 ಗ್ರಾಂ, ಒಂದು ನೆಲ್ಲಿಕಾಯಿಯಷ್ಟು. ಆಸ್ಪತ್ರೆಯ ಮೇಜಿನ ಮೇಲೆ ನಿಮಿಷಕ್ಕೆ 140ರಿಂದ 220 ಸಲ ಬಡಿಯುತ್ತದೆ. ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೈಯಿಂದ ಬಂದ ರಕ್ತ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಆಕ್ಸಿಜನ್ ತುಂಬಿಕೊಂಡು ಎಡಭಾಗಕ್ಕೆ ಬಂದು, ಮಹಾಪಧಮನಿಯ ಮೂಲಕ ಮತ್ತೆ ಮೈಗೆ ಹೋಗುತ್ತದೆ. ತಾಯ ಹೊಟ್ಟೆಯಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ. ಆದ್ದರಿಂದ ರಕ್ತ ಅದನ್ನು ಬಳಸಿಕೊಂಡು ಹೋಗಲು ಎರಡು ಒಳದಾರಿಗಳಿರುತ್ತವೆ. ಒಂದು, ಮೇಲ್ಕೋಣೆಗಳ ನಡುವಿನ ಕಿಂಡಿ. ಇನ್ನೊಂದು, ಶ್ವಾಸಕೋಶದ ಅಪಧಮನಿಯಿಂದ ಮಹಾಪಧಮನಿಗೆ ಹಾಯುವ ಚಿಕ್ಕ ನಾಳ. ಮರಿ ಹುಟ್ಟಿ ಉಸಿರಾಡಲು ಶುರುಮಾಡಿದ ಮೊದಲ ಕೆಲವು ದಿನಗಳಲ್ಲೇ ಆ ನಾಳ ಬಿಗಿದು ಮುಚ್ಚಿಕೊಳ್ಳುತ್ತದೆ.

ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಉಳಿಯುವುದು. ವೈದ್ಯರ ಚೀಟಿಯಲ್ಲಿ ಇದನ್ನು ವಿ.ಎಸ್.ಡಿ. ಎಂದು ಬರೆದಿರುತ್ತಾರೆ. ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಮಿಕ್ಕ ದೋಷಗಳೂ ಅರ್ಥವಾಗುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಎಡ ಕೆಳಕೋಣೆ ರಕ್ತವನ್ನು ಇಡೀ ಮೈಗೆ ತಳ್ಳಬೇಕು. ಅಲ್ಲಿನ ಒತ್ತಡ ಸುಮಾರು 120 ಮಿಲಿಮೀಟರ್ ಪಾದರಸ. ಬಲ ಕೆಳಕೋಣೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು; ಅಲ್ಲಿ 25ರ ಆಸುಪಾಸು. ನಡುವೆ ತೂತಿದ್ದರೆ ರಕ್ತ ಎಡದಿಂದ ಬಲಕ್ಕೆ ನುಗ್ಗುತ್ತದೆ. ತೋಟಕ್ಕೆ ನೀರು ಹಾಯಿಸುವವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಷ್ಟೂ ನೀರು ಸುಂಯ್ ಎಂದು ದೂರ ಚಿಮ್ಮುತ್ತದೆ. ಬೆರಳು ತೆಗೆದರೆ ಹರಿಯುವ ನೀರು ಹೆಚ್ಚಾಗುತ್ತದೆ, ಸದ್ದು ಅಡಗುತ್ತದೆ. ಹೃದಯದಲ್ಲೂ ಅಷ್ಟೇ. ತೂತು ಚಿಕ್ಕದಿದ್ದರೆ ಎರಡು ಕೋಣೆಗಳ ಒತ್ತಡದ ಅಂತರ ಹಾಗೇ ಉಳಿದು ರಕ್ತ ಸಣ್ಣ ಧಾರೆಯಾಗಿ ಭಾರಿ ವೇಗದಲ್ಲಿ ಚಿಮ್ಮುತ್ತದೆ. ಸ್ಟೆತಸ್ಕೋಪಿನಲ್ಲಿ ದೊಡ್ಡ ಸದ್ದು. ತೂತು ದೊಡ್ಡದಿದ್ದರೆ ಎರಡೂ ಕಡೆಯ ಒತ್ತಡ ಸರಿಸಮವಾಗುತ್ತ ಬಂದು ಸದ್ದು ಮೆತ್ತಗಾಗುತ್ತದೆ. ಮನುಷ್ಯರ ಮಟ್ಟಿಗೆ ಇದನ್ನು ಪ್ಯಾರಿಸ್ಸಿನ ವೈದ್ಯ ಆನ್ರಿ ರೋಜೆ 1879ರಲ್ಲೇ ವಿವರಿಸಿದ್ದರು: ಕಿವಿಗಡಚಿಕ್ಕುವ ಸದ್ದು, ಆದರೆ ಆರೋಗ್ಯವಾಗಿ ಓಡಾಡಿಕೊಂಡಿರುವ ರೋಗಿ.

ಎಕೋದಲ್ಲಿ ಇದನ್ನು ಅಂಕಿಯಲ್ಲೇ ನೋಡಬಹುದು. ಡಾಪ್ಲರ್ ಎಂಬ ಸೌಲಭ್ಯ ರಕ್ತದ ಧಾರೆಯ ವೇಗ ಅಳೆಯುತ್ತದೆ. ಆ ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಎರಡು ಕೋಣೆಗಳ ಒತ್ತಡದ ಅಂತರ ಸಿಗುತ್ತದೆ. ಧಾರೆಯ ವೇಗ ಸೆಕೆಂಡಿಗೆ 5 ಮೀಟರ್ ಇದೆಯೆನ್ನಿ: ಐದೈದಲ ಇಪ್ಪತ್ತೈದು, ಅದರ ನಾಲ್ಕರಷ್ಟು ನೂರು. ಎಡಗಡೆ 120 ಇದ್ದರೆ ಬಲಗಡೆ 20. ಅಂದರೆ ಬಲಗಡೆ ಕೆಟ್ಟಿಲ್ಲ. ಅದೇ ವೇಗ 2.5 ಮೀಟರ್ ಬಂದರೆ ಅಂತರ ಬರೀ 25. ಬಲಗಡೆಯ ಒತ್ತಡ 95ಕ್ಕೆ ಏರಿ ಕೂತಿದೆ ಎಂದರ್ಥ. ನಿಮ್ಮ ಕೈಗೆ ಎಕೋ ವರದಿ ಬಂದಾಗ ಮೊದಲು ಹುಡುಕಬೇಕಾದದ್ದು ಈ ಅಂಕಿ. ನಾಲ್ಕೂವರೆ, ಐದು ಇದ್ದರೆ ನೆಮ್ಮದಿಯಿಂದ ಉಸಿರುಬಿಡಬಹುದು. ಎರಡನೆಯದಾಗಿ ತೂತಿನ ಅಗಲ: ಅದು ಮಹಾಪಧಮನಿಯ ಅಗಲದ ಅರ್ಧಕ್ಕಿಂತ ಚೆನ್ನಾಗಿ ಕಡಿಮೆ ಇರಬೇಕು. ಮೂರನೆಯದು ಎಡ ಮೇಲ್ಕೋಣೆ ಮತ್ತು ಮಹಾಪಧಮನಿಯ ಅಳತೆಗಳ ಅನುಪಾತ: 1.5ರ ಒಳಗಿದ್ದರೆ ಕೋಣೆ ಹಿಗ್ಗಿಲ್ಲ.

ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ಹೆಚ್ಚುವರಿ ರಕ್ತ ಹೋಗುವುದು ಬಲಕ್ಕೆ, ಹಿಗ್ಗುವುದು ಎಡಭಾಗ! ಯಾಕೆಂದರೆ ತೂತಿನಿಂದ ಬಂದ ರಕ್ತ ಬಲ ಕೋಣೆಯಲ್ಲಿ ತಂಗುವುದಿಲ್ಲ. ಹೃದಯ ಹಿಂಡುತ್ತಿರುವಾಗಲೇ ಅದು ನೇರ ಶ್ವಾಸಕೋಶದ ಕಡೆಗೆ ಚಿಮ್ಮುತ್ತದೆ, ಅಲ್ಲಿಂದ ಎಡ ಮೇಲ್ಕೋಣೆಗೆ ವಾಪಸ್ಸು. ಹೀಗೆ ಒಂದೇ ರಕ್ತ ಸುತ್ತು ಹಾಕುತ್ತ ಎಡಭಾಗಕ್ಕೆ ದುಪ್ಪಟ್ಟು ಹೊರೆ ಹೊರಿಸುತ್ತದೆ. ಹೊರೆ ಮೀರಿದಾಗ ಶ್ವಾಸಕೋಶದೊಳಗೆ ನೀರು ಸೇರುತ್ತದೆ; ಬೆಕ್ಕುಗಳಲ್ಲಿ ಶ್ವಾಸಕೋಶದ ಸುತ್ತಲೂ ನೀರು ತುಂಬುವುದುಂಟು. ಮರಿಗೆ ಏದುಸಿರು ಬರುವುದು ಆಗ.

ಚಿಕ್ಕ ತೂತಿರುವ ಮರಿಗೆ ಔಷಧ ಬೇಕಿಲ್ಲ. ಆಟ ತಡೆಯಬೇಕಿಲ್ಲ. ಬೇರೆ ಬೆಕ್ಕುಗಳಷ್ಟೇ ವರ್ಷ ಬಾಳಬಲ್ಲದು. ತೂತು ತೀರಾ ದೊಡ್ಡದಿದ್ದರೆ ಬರುವ ಇನ್ನೊಂದು ವಿಪತ್ತನ್ನೂ ಹೇಳಬೇಕು. ತಿಂಗಳುಗಟ್ಟಲೆ ಜೋರು ಒತ್ತಡ ತಿಂದ ಶ್ವಾಸಕೋಶದ ರಕ್ತನಾಳಗಳು ದಪ್ಪಗಾಗಿ ಗಟ್ಟಿಯಾಗುತ್ತವೆ. ಬಲಗಡೆಯ ಒತ್ತಡ ಎಡಗಡೆಯದನ್ನು ಮೀರಿ ರಕ್ತ ತಿರುಗಾ ಬಲದಿಂದ ಎಡಕ್ಕೆ ಹರಿಯತೊಡಗುತ್ತದೆ. ಆಕ್ಸಿಜನ್ ಇಲ್ಲದ ರಕ್ತ ಮೈಗೆ ಹೋಗಿ ಒಸಡು, ನಾಲಿಗೆ ನೀಲಿಯಾಗುತ್ತವೆ. ಆ ಹಂತದಲ್ಲಿ ಮೊದಲಿದ್ದ ಸದ್ದು ಮಾಯವಾಗಿಬಿಡಬಹುದು. "ಹೋದ ತಿಂಗಳು ಸದ್ದಿತ್ತು, ಈಗಿಲ್ಲ, ವಾಸಿಯಾಯಿತು" ಎಂದುಕೊಳ್ಳುವ ಮುಂಚೆ ಒಸಡು ನೋಡಬೇಕೆನ್ನುವುದು ಇದಕ್ಕೇ. ಚಿಕ್ಕ ತೂತು ಅಪರೂಪಕ್ಕೆ ತಾನಾಗಿ ಮುಚ್ಚಿ ಸದ್ದು ಹೋಗುವುದೂ ಇದೆ. ಯಾವುದು ಯಾವುದೆಂದು ಒಸಡಿನ ಬಣ್ಣ ಮತ್ತು ಎಕೋ ಹೇಳುತ್ತವೆ.

ಇನ್ನುಳಿದ ದೋಷಗಳಲ್ಲಿ ಹುಟ್ಟಿದ ಮೇಲೂ ಮುಚ್ಚದ ನಾಳದ ಬಗ್ಗೆ ಒತ್ತಿ ಹೇಳುತ್ತೇವೆ, ಯಾಕೆಂದರೆ ಪೂರ್ತಿ ವಾಸಿ ಮಾಡಬಹುದಾದ ದೋಷ ಅದು. ಪಿ.ಡಿ.ಎ. ಎನ್ನುತ್ತಾರೆ. ಇದರ ಸದ್ದು ಬಡಿತದ ನಡುವೆ ನಿಲ್ಲುವುದೇ ಇಲ್ಲ, ಹಿಟ್ಟಿನ ಗಿರಣಿ ಓಡಿದ ಹಾಗೆ ಸತತ. ಎಡ ಮುಂಗಾಲಿನ ಕಂಕುಳ ಹತ್ತಿರ ಬೆರಳಿಟ್ಟರೆ ಎದೆಗೂಡು ಝುಮ್ಮೆನ್ನುವುದು ತಿಳಿಯುತ್ತದೆ. ತೊಡೆಯ ಒಳಭಾಗದ ನಾಡಿ ಪುಟಿದು ಬಡಿಯುತ್ತದೆ. ಚಿಕಿತ್ಸೆ ಎಂದರೆ ಎದೆಯ ಎಡಗಡೆ ಪಕ್ಕೆಲುಬುಗಳ ನಡುವೆ ತೆರೆದು ನಾಳವನ್ನು ದಾರದಿಂದ ಕಟ್ಟುವುದು. ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1938ರಲ್ಲಿ ಏಳು ವರ್ಷದ ಹುಡುಗಿಗೆ ಮೊದಲು ಮಾಡಿದ ಶಸ್ತ್ರಚಿಕಿತ್ಸೆಯ ತತ್ತ್ವವೇ ಇವತ್ತೂ ಬೆಕ್ಕಿಗೆ. ನಾಯಿಗಳಿಗೆ ಕಾಲಿನ ರಕ್ತನಾಳದಿಂದ ಬಿರಡೆ ಕಳಿಸಿ ಮುಚ್ಚುವ ವಿಧಾನ ರೂಢಿಯಲ್ಲಿದೆ. ಬೆಕ್ಕಿನ ಕಾಲಿನ ನಾಳ ಅದಕ್ಕೆ ತೀರಾ ಸಣ್ಣದು, ಕೆಲವಕ್ಕೆ ಮಾತ್ರ ತೆಳುವಾದ ಸುರುಳಿತಂತಿ ಹಿಡಿಸುತ್ತದೆ. ತಡಮಾಡಿದರೆ ಇಲ್ಲೂ ರಕ್ತದ ಹರಿವು ತಿರುಗಬಹುದು. ಆಗ ಒಸಡು ಕೆಂಪಗೇ ಇದ್ದು ಹಿಂಗಾಲಿನ ಅಂಗಾಲು ಮಾತ್ರ ನೀಲಿಯಾಗುತ್ತದೆ, ಯಾಕೆಂದರೆ ನಾಳ ಸೇರುವುದು ತಲೆಗೆ ಹೋಗುವ ಕವಲುಗಳು ಒಡೆದ ನಂತರದ ಜಾಗಕ್ಕೆ. ಹರಿವು ತಿರುಗಿದ ಮೇಲೆ ನಾಳ ಕಟ್ಟಿದರೆ ಬೆಕ್ಕು ಸಾಯುತ್ತದೆ. ಆದ್ದರಿಂದ ಗಿರಣಿ ಸದ್ದಿನ ಮರಿಗೆ ವಾರಗಳ ಲೆಕ್ಕ, ತಿಂಗಳುಗಳ ಲೆಕ್ಕವಲ್ಲ.

ಮಾರ್ಸೇಯ್ ನಗರದ ವೈದ್ಯ ಎಟಿಯನ್ ಫಾಲೊ 1888ರಲ್ಲಿ ವಿವರಿಸಿದ ನಾಲ್ಕು ದೋಷಗಳ ಗೊಂಚಲು ಬೆಕ್ಕುಗಳಲ್ಲೂ ಇದೆ: ಗೋಡೆಯಲ್ಲಿ ತೂತು, ಶ್ವಾಸಕೋಶದ ದಾರಿ ಕಿರಿದು, ಮಹಾಪಧಮನಿ ತೂತಿನ ಮೇಲೆ ಸವಾರಿ, ಬಲ ಕೋಣೆಯ ಗೋಡೆ ದಪ್ಪ. ಈ ಮರಿಗಳು ಮೊದಲಿನಿಂದಲೇ ನೀಲಿ. ಆಡುತ್ತ ಆಡುತ್ತ ಥಟ್ಟನೆ ಕೂತು ಬಾಯಿ ತೆರೆಯುತ್ತವೆ, ಕೆಲವು ಮೂರ್ಛೆ ಹೋಗುತ್ತವೆ. ಆಕ್ಸಿಜನ್ ಸಾಲದೆಂದು ದೇಹ ಕೆಂಪು ರಕ್ತಕಣಗಳನ್ನು ವಿಪರೀತ ಹುಟ್ಟಿಸಿ ರಕ್ತ ಮಂದವಾಗುತ್ತದೆ. ಪಿ.ಸಿ.ವಿ. ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ದೊಡ್ಡ ಬೆಕ್ಕಿನಲ್ಲಿ ಅದು ಶೇ. 30ರಿಂದ 45. ಇಲ್ಲಿ 65 ದಾಟುತ್ತದೆ. ಆಗ ಕೆ.ಜಿ.ಗೆ ಸುಮಾರು 10 ಎಂ.ಎಲ್. ರಕ್ತ ತೆಗೆದು ಅಷ್ಟೇ ಸಲೈನ್ ಕೊಡುತ್ತಾರೆ. ಇಂಥ ಬೆಕ್ಕಿಗೆ ಭೇದಿ, ವಾಂತಿಯೂ ಅಪಾಯ. ಮೈಯ ನೀರು ಕಡಿಮೆಯಾದರೆ ಮಂದರಕ್ತ ಇನ್ನೂ ಮಂದವಾಗಿ ಫಿಟ್ಸ್ ಬರಬಹುದು. ಕುಡಿಯುವ ನೀರಿನ ಬಟ್ಟಲು ಮನೆಯ ಎರಡು ಮೂರು ಕಡೆ ಇರಲಿ. ಇನ್ನೊಂದು ಸೂಕ್ಷ್ಮ: ಬಲದಿಂದ ಎಡಕ್ಕೆ ರಕ್ತ ಹರಿಯುವ ಬೆಕ್ಕಿಗೆ ಡ್ರಿಪ್ ಹಾಕುವಾಗ ಕೊಳವೆಯಲ್ಲಿ ಒಂದು ಗುಳ್ಳೆಯೂ ಇರಬಾರದು. ಬೇರೆ ಬೆಕ್ಕಿನಲ್ಲಿ ಸಣ್ಣ ಗುಳ್ಳೆ ಶ್ವಾಸಕೋಶದಲ್ಲಿ ಸಿಕ್ಕಿ ಕರಗಿಹೋಗುತ್ತದೆ. ಇದರಲ್ಲಿ ತೂತು ದಾಟಿ ನೇರ ಮಿದುಳಿಗೆ ಹೋಗಬಲ್ಲದು.

ಕವಾಟಗಳೇ ಸರಿಯಾಗಿ ರೂಪುಗೊಳ್ಳದೆ ಸೋರುವುದು, ಮೇಲ್ಕೋಣೆಗಳ ನಡುವೆ ತೂತು, ನಡುಗೋಡೆ ಕವಾಟ ಎರಡೂ ಸೇರಿ ಕೆಟ್ಟಿರುವುದು ಇವೂ ಇವೆ. ಪ್ರತಿಯೊಂದಕ್ಕೂ ಹೆಸರಿದೆ. ಮನೆಯವರ ಮಟ್ಟಿಗೆ ನೋಡಿಕೊಳ್ಳುವ ರೀತಿ ಮಾತ್ರ ಒಂದೇ.

ಮರ್ಮರ್ ಸದ್ದೇ ಇಲ್ಲದ ಎರಡು ದೋಷ ಹೇಳಿ ಮುಂದೆ ಹೋಗುತ್ತೇವೆ. ತಾಯ ಹಾಲು ಕುಡಿಯುವಷ್ಟು ದಿನ ಚೆನ್ನಾಗಿದ್ದ ಮರಿ, ಗಟ್ಟಿ ಆಹಾರ ಶುರುಮಾಡಿದ ಕೂಡಲೇ ತಿಂದದ್ದನ್ನೆಲ್ಲ ಅಗಿದ ಹಾಗೇ ಹೊರಹಾಕುತ್ತದೆ, ಮತ್ತೆ ಹಸಿವೆಂದು ತಿನ್ನಲು ಬರುತ್ತದೆ. ಇದನ್ನು ವಾಂತಿ ಎಂದುಕೊಂಡು ಜಂತುಹುಳುವಿಗೆ ಔಷಧ ಕೊಡುತ್ತಲೇ ಹೋಗುವುದುಂಟು. ಮಹಾಪಧಮನಿ ಎಡಕ್ಕೆ ಬಾಗುವ ಬದಲು ಬಲಕ್ಕೆ ಬಾಗಿದ್ದರೆ ಅದೂ, ಹುಟ್ಟಿದ ಮೇಲೆ ಮುಚ್ಚಿಕೊಂಡ ಆ ಚಿಕ್ಕ ನಾಳದ ಒಣಗಿದ ಎಳೆಯೂ ಸೇರಿ ಅನ್ನನಾಳಕ್ಕೆ ಉಂಗುರ ಬಿಗಿದಂತಾಗುತ್ತದೆ. ದ್ರವ ಇಳಿಯುತ್ತದೆ, ಗಟ್ಟಿಯಾದದ್ದು ಇಳಿಯುವುದಿಲ್ಲ. ಆ ಎಳೆಯನ್ನು ಕತ್ತರಿಸುವುದೇ ಚಿಕಿತ್ಸೆ. ಅಲ್ಲಿಯವರೆಗೆ ಅಂಬಲಿಯಂತೆ ತೆಳುವಾಗಿ ಅರೆದ ಆಹಾರ, ಸ್ವಲ್ಪ ಸ್ವಲ್ಪ, ಮುಂಗಾಲು ಮೇಲಿರುವಂತೆ ನಿಲ್ಲಿಸಿ ತಿನ್ನಿಸಿ ಹದಿನೈದು ಇಪ್ಪತ್ತು ನಿಮಿಷ ಹಾಗೇ ಹಿಡಿದಿರಬೇಕು. ಇಲ್ಲದಿದ್ದರೆ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ. ಅನ್ನನಾಳ ಒಮ್ಮೆ ಚೀಲದಂತೆ ಹಿಗ್ಗಿಹೋದರೆ ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ಸರಿಹೋಗದು. ಬೇಗ ಗುರುತಿಸಬೇಕೆನ್ನುವುದು ಅದಕ್ಕೆ. ಎರಡನೆಯದು ಪರ್ಷಿಯನ್‌ನಂಥ ಉದ್ದಗೂದಲಿನ ಬೆಕ್ಕುಗಳಲ್ಲಿ ಹೆಚ್ಚು: ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಪರದೆಯಾದ ವಪೆಯಲ್ಲಿ ಹುಟ್ಟಿನಿಂದಲೇ ತೆರಪಿದ್ದು ಯಕೃತ್ತು, ಕೊಬ್ಬು, ಕೆಲವೊಮ್ಮೆ ಕರುಳು ಹೃದಯದ ಹೊರಚೀಲಕ್ಕೆ ನುಗ್ಗಿರುತ್ತವೆ. ಎಷ್ಟೋ ಬೆಕ್ಕುಗಳಲ್ಲಿ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ದೊಡ್ಡ ಗುಂಡನೆಯ ಹೃದಯದ ನೆರಳು ಕಂಡು ಗೊತ್ತಾಗುತ್ತದೆ. ತೊಂದರೆ ಕೊಡುತ್ತಿದ್ದರೆ ಹೊಲಿಯುತ್ತಾರೆ.

ಸದ್ದಿದ್ದ ಮಾತ್ರಕ್ಕೆ ಹುಟ್ಟುದೋಷ ಎಂದೂ ಹೇಳಲಾಗದು. ನಮ್ಮಲ್ಲಿ ಬೀದಿಯಿಂದ ತಂದ ಮರಿಯ ಎದೆಯಲ್ಲಿ ಮೆತ್ತನೆಯ ಸದ್ದು ಕೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಮೈತುಂಬ ಚಿಗಟ ಇದೆಯೇ? ಒಸಡು ಬಿಳಿಚಿಕೊಂಡಿದೆಯೇ? ಚಿಗಟ, ಕೊಕ್ಕೆಹುಳು ರಕ್ತ ಹೀರಿ ರಕ್ತ ತೆಳ್ಳಗಾದರೆ ಆರೋಗ್ಯವಂತ ಹೃದಯವೂ ಸದ್ದು ಮಾಡುತ್ತದೆ. ಐದಾರು ವಾರದ ಮರಿಯಲ್ಲಿ ಪಿ.ಸಿ.ವಿ. 27ರ ಹತ್ತಿರ ಇರುವುದು ಸಹಜ. 20ರ ಕೆಳಗಿದ್ದರೆ ರಕ್ತಹೀನತೆಗೆ ಚಿಕಿತ್ಸೆ ಮಾಡಿ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ಕೇಳಬೇಕು. ಎಕೋಗೆ ದುಡ್ಡು ಖರ್ಚು ಮಾಡುವ ಮೊದಲು ಒಂದು ಹನಿ ರಕ್ತದ ಪರೀಕ್ಷೆ.

ನೀಲಿ ಒಸಡಿನ ವಿಷಯದಲ್ಲೂ ಹೀಗೇ ಒಂದು ಎಚ್ಚರ. ನಿನ್ನೆಯವರೆಗೂ ಚೆನ್ನಾಗಿದ್ದ ಬೆಕ್ಕಿನ ಒಸಡು ಇವತ್ತು ಕಂದು, ಕೆಸರಿನ ಬಣ್ಣಕ್ಕೆ ತಿರುಗಿ ಮುಖ ಊದಿಕೊಂಡಿದ್ದರೆ, ಮನೆಯಲ್ಲಿ ಯಾರಾದರೂ ಜ್ವರದ ಮಾತ್ರೆ ಕೊಟ್ಟಿದ್ದಾರೆಯೇ ಎಂದು ಕೇಳಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. 500 ಮಿಲಿಗ್ರಾಂ ಮಾತ್ರೆಯ ಕಾಲುಭಾಗವೇ ದೊಡ್ಡ ಬೆಕ್ಕಿನ ಜೀವಕ್ಕೆ ಅಪಾಯ. ಅದಕ್ಕೆ ಪ್ರತಿವಿಷವಾಗಿ ಅಸಿಟೈಲ್‌ಸಿಸ್ಟೀನ್ ಇದೆ. ಮಾತ್ರೆ ಕೊಟ್ಟದ್ದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿದರೆ ಬೆಕ್ಕು ಉಳಿಯಬಹುದು.

ದೊಡ್ಡ ಬೆಕ್ಕಿನಲ್ಲಿ ಹೊಸದಾಗಿ ಕಾಣಿಸಿಕೊಂಡ ಹೃದಯದ ಕಾಯಿಲೆ ಹೆಚ್ಚಾಗಿ ಸ್ನಾಯು ದಪ್ಪಗಾಗುವ ರೋಗ. ಅದು ವಂಶದಲ್ಲಿ ಬಂದರೂ ಹುಟ್ಟುವಾಗಲೇ ಕಾಣಿಸದು. ಇನ್ನೊಂದು, ಹಾಲು ಅನ್ನ, ಮೊಸರನ್ನ ಮಾತ್ರ ತಿಂದು ಬೆಳೆದ ಬೆಕ್ಕಿನ ಹೃದಯ ಸೊರಗುವುದು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಲ್ಲಿದೆ. ಅನ್ನ, ಮೊಸರಿನಲ್ಲಿ ಬೆಕ್ಕಿಗೆ ಸಾಲುವಷ್ಟು ಸಿಗುವುದಿಲ್ಲ. ಅದರ ಕೊರತೆಯಿಂದ ಹೃದಯ ತೆಳುವಾಗಿ ಹಿಗ್ಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಪಾಲ್ ಪಿಯಾನ್ ಮತ್ತು ಜೊತೆಗಾರರು 1987ರಲ್ಲಿ ತೋರಿಸಿಕೊಟ್ಟರು. ಮಾಂಸ ತರದ ಮನೆಯವರು ಬೆಕ್ಕಿಗೆಂದೇ ತಯಾರಾದ ಆಹಾರವನ್ನಾದರೂ ಕೊಡಬೇಕು, ನಾಯಿಯದ್ದಲ್ಲ.

ಈಗ ಮನೆಯಲ್ಲಿ ಮಾಡಬೇಕಾದ ಕೆಲಸ. ಮರಿ ಗಾಢವಾಗಿ ನಿದ್ದೆ ಮಾಡುತ್ತಿರಲಿ. ಮುಟ್ಟಬೇಡಿ, ಹೆಸರು ಕರೆಯಬೇಡಿ. ಪಕ್ಕೆಯ ಮೇಲೆ ಒಂದು ಪಟ್ಟೆಯನ್ನೋ ಮಚ್ಚೆಯನ್ನೋ ಗುರುತಿಟ್ಟುಕೊಂಡು ನೋಡಿ. ಅದು ಏರಿ ಇಳಿದರೆ ಒಂದು ಉಸಿರು. ಏರಿದ್ದಕ್ಕೊಂದು, ಇಳಿದಿದ್ದಕ್ಕೊಂದು ಎಣಿಸಿ ದುಪ್ಪಟ್ಟು ಮಾಡಿಕೊಂಡು ಗಾಬರಿಯಾಗುವುದು ಎಲ್ಲರೂ ಮಾಡುವ ತಪ್ಪು. ಮೊಬೈಲಿನಲ್ಲಿ 30 ಸೆಕೆಂಡಿನ ಟೈಮರ್ ಇಟ್ಟು ಎಣಿಸಿ ಎರಡರಿಂದ ಗುಣಿಸಿ. ಮೀಸೆ, ಪಂಜ ಅದುರುತ್ತಿದ್ದರೆ ಕನಸು ಕಾಣುತ್ತಿದೆ. ಆಗ ಉಸಿರು ಏರುಪೇರಾಗುತ್ತದೆ, ಐದು ನಿಮಿಷ ಬಿಟ್ಟು ಎಣಿಸಿ. ಗುರ್‌ಗುಟ್ಟುವಾಗಲೂ ಎಣಿಸಬೇಡಿ. ದೊಡ್ಡ ಬೆಕ್ಕಿಗೆ ನಿದ್ದೆಯಲ್ಲಿ ನಿಮಿಷಕ್ಕೆ ಇಪ್ಪತ್ತರ ಆಸುಪಾಸು, 30ರ ಒಳಗೆ. ತೀರಾ ಎಳೆಯ ಮರಿ ಸ್ವಲ್ಪ ಹೆಚ್ಚು ಉಸಿರಾಡುತ್ತದೆ. ಅದರ ಪಕ್ಕದಲ್ಲೇ ಮಲಗಿರುವ ಒಡಹುಟ್ಟಿದ ಮರಿಯನ್ನೂ ಎಣಿಸಿ ಹೋಲಿಸಿ. ಮೊದಲ ವಾರ ದಿನಕ್ಕೊಂದು ಸಲ ಬರೆದಿಟ್ಟರೆ ನಿಮ್ಮ ಮರಿಯ ಸಹಜ ಅಂಕಿ ಗೊತ್ತಾಗುತ್ತದೆ. ಅದು 18 ಇದ್ದದ್ದು 28ಕ್ಕೆ ಬಂದು ಎರಡು ಮೂರು ದಿನ ಅಲ್ಲೇ ನಿಂತರೆ, 30 ದಾಟಿಲ್ಲವೆಂದು ಸುಮ್ಮನಿರಬೇಡಿ, ಫೋನ್ ಮಾಡಿ. 40 ಇದ್ದರೆ ಅವತ್ತೇ ಹೊರಡಿ.

ಜೊತೆಗೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹುಟ್ಟಿದಾಗ ಸುಮಾರು 100 ಗ್ರಾಂ, ಮುಂದೆ ಹೆಚ್ಚುಕಡಿಮೆ ವಾರಕ್ಕೆ 100 ಗ್ರಾಂ ಏರಬೇಕು. ಎಂಟು ವಾರಕ್ಕೆ ಮಿಕ್ಕ ಮರಿಗಳು 800 ಗ್ರಾಂ ಇರುವಾಗ ಒಂದು ಮಾತ್ರ 500ರಲ್ಲಿ ನಿಂತಿದ್ದರೆ ಅದರ ಎದೆ ಕೇಳಿಸಬೇಕು. ಬೆಕ್ಕು ಹೃದಯದ ಕಾಯಿಲೆಯಲ್ಲಿ ನಾಯಿಯಂತೆ ಕೆಮ್ಮುವುದಿಲ್ಲ. ಕೆಮ್ಮುವ ಬೆಕ್ಕಿಗೆ ಹೆಚ್ಚಾಗಿ ಆಸ್ತಮಾ ಇರುತ್ತದೆ. ನಾಯಿಯಂತೆ ನಾಲಿಗೆ ಚಾಚಿ ಏದುವುದೂ ಬೆಕ್ಕಿಗೆ ಸಹಜವಲ್ಲ. ರಾಯಚೂರಿನ ಬೇಸಿಗೆಯಾದರೂ ಸರಿ, ಸುಮ್ಮನೆ ಮಲಗಿರುವ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದು ತುರ್ತು.

ಅಂಥ ಹೊತ್ತಿನಲ್ಲಿ ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ಅಂಗಾತ ಮಲಗಿಸಬೇಡಿ. ಗಾಳಿಯಾಡುವ ಬುಟ್ಟಿಗೆ ಬಿಟ್ಟು, ಮೇಲೆ ತೆಳುವಾದ ಬಟ್ಟೆ ಹೊದಿಸಿ, ಅದು ಕೂರುವ ಭಂಗಿಯಲ್ಲೇ ಕೂರಲು ಬಿಡಿ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ "ಬೆಕ್ಕಿಗೆ ಉಸಿರಾಡಲು ಕಷ್ಟ, ಆಕ್ಸಿಜನ್ ಸಿದ್ಧವಿರಲಿ" ಎಂದು ಹೇಳಿ. ಅಲ್ಲಿ ಮೊದಲು ಆಕ್ಸಿಜನ್, ಮೈಯ ನೀರನ್ನು ಮೂತ್ರವಾಗಿ ಹೊರಹಾಕಿಸುವ ಫ್ರುಸೆಮೈಡ್ ಚುಚ್ಚುಮದ್ದು, ಎದೆಗೂಡಲ್ಲಿ ನೀರಿದ್ದರೆ ಸೂಜಿ ಹಾಕಿ ತೆಗೆಯುವುದು. ಎಕ್ಸ್‌ರೇ ಆಮೇಲೆ. ಉಸಿರು ಸಿಗದ ಬೆಕ್ಕನ್ನು ಎಕ್ಸ್‌ರೇ ಮೇಜಿಗೆ ಒತ್ತಿ ಹಿಡಿಯುವಾಗಲೇ ಎಷ್ಟೋ ಸಾವುಗಳಾಗುತ್ತವೆ.

ಎದೆ ಕೇಳಿಸುವಾಗ ಬೆಕ್ಕು ಗುರ್‌ಗುಟ್ಟತೊಡಗಿದರೆ ಏನೂ ಕೇಳಿಸುವುದಿಲ್ಲ. ಹತ್ತಿರದ ನಲ್ಲಿ ಬಿಟ್ಟರೆ ಅಥವಾ ಸ್ಪಿರಿಟ್ ಹತ್ತಿಯನ್ನು ಮೂಗಿನ ಮುಂದೆ ಹಿಡಿದರೆ ಹೆಚ್ಚಿನವು ನಿಲ್ಲಿಸುತ್ತವೆ. ಸದ್ದನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. 5 ಎಂದರೆ ಕೈಗೂ ಝುಮ್ಮೆನ್ನುವಷ್ಟು, 6 ಎಂದರೆ ಸ್ಟೆತಸ್ಕೋಪ್ ಎದೆಯಿಂದ ತುಸು ಎತ್ತಿದರೂ ಕೇಳುವಷ್ಟು. ಇದು ಸದ್ದಿನ ದರ್ಜೆ, ರೋಗದ ದರ್ಜೆಯಲ್ಲ. ಮತ್ತೆ ಹೇಳುತ್ತೇವೆ, ಯಾಕೆಂದರೆ "ಐದನೇ ದರ್ಜೆಯಂತೆ" ಎಂದು ಕೇಳಿ ಮರಿಯನ್ನು ಬಿಟ್ಟುಬಂದವರಿದ್ದಾರೆ. ಎಕೋಗೆ ಕೂದಲು ಬೋಳಿಸಬೇಕೆಂದಿಲ್ಲ, ಅರಿವಳಿಕೆಯೂ ಸಾಮಾನ್ಯವಾಗಿ ಬೇಡ. ತೂತಿರುವ ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿ ಕೆಳಗಿನಿಂದ ನೋಡುತ್ತಾರೆ. ಹೆದರುವ ದೊಡ್ಡ ಬೆಕ್ಕಿಗೆ ಹೊರಡುವ ಎರಡು ಮೂರು ಗಂಟೆ ಮೊದಲು ಹೆದರಿಕೆ ಇಳಿಸುವ ಗ್ಯಾಬಪೆಂಟಿನ್ ಔಷಧ ಕೊಡುವಂತೆ ಡಾಕ್ಟರು ಹೇಳಬಹುದು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಿಗೆ ಹೋಗುವವರು ಎಕೋ ಯಾವ ದಿನ, ಡಾಪ್ಲರ್ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ.

ಔಷಧದ ಅಳತೆಯಲ್ಲಿ ಆಗುವ ಒಂದು ಅನಾಹುತವನ್ನು ಬಿಡಿಸಿ ಹೇಳಬೇಕು. ಫ್ರುಸೆಮೈಡ್ ಸಾಮಾನ್ಯವಾಗಿ ಕೆ.ಜಿ.ಗೆ 1ರಿಂದ 2 ಮಿಲಿಗ್ರಾಂ, ದಿನಕ್ಕೆರಡು ಸಲ. ಒಂದು ಕೆ.ಜಿ. ಮರಿಗೆ 1 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಮಾತ್ರೆ 40 ಮಿಲಿಗ್ರಾಂ. ಅದನ್ನು ನಲವತ್ತು ತುಂಡು ಮಾಡಲಾಗದು. ಆದ್ದರಿಂದ ದ್ರವ ಬೇಕು. ಒಂದು ಎಂ.ಎಲ್.ನಲ್ಲಿ 10 ಮಿಲಿಗ್ರಾಂ ಇರುವ ದ್ರವವಾದರೆ ಕೊಡಬೇಕಾದ್ದು 0.1 ಎಂ.ಎಲ್. ಇದನ್ನು ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯಬೇಡಿ. ಅದರ ಮೇಲಿನ ಗೆರೆಗಳು ಯೂನಿಟ್ಟಿನವು, ಎಂ.ಎಲ್.ನವಲ್ಲ. ಒಂದು ಎಂ.ಎಲ್.ಗೆ 40 ಯೂನಿಟ್ಟಿನ ಗೆರೆಗಳಿರುವ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಕಾಲು ಎಂ.ಎಲ್., ಅಂದರೆ ಎರಡೂವರೆ ಪಟ್ಟು ಔಷಧ. ಮರಿ ಮೂತ್ರ ಮಾಡಿ ಮಾಡಿ ಒಣಗಿಹೋಗುತ್ತದೆ. ಹತ್ತು ಭಾಗ ಬರೆದಿರುವ ಒಂದು ಎಂ.ಎಲ್. ಸಿರಿಂಜು ತಂದು ಸೂಜಿ ಕಿತ್ತು ಬಳಸಿ. ಎಡ ಮೇಲ್ಕೋಣೆ ಬಹಳ ಹಿಗ್ಗಿದ ದೊಡ್ಡ ಬೆಕ್ಕಿಗೆ ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ ಬರೆಯುತ್ತಾರೆ: 75 ಮಿಲಿಗ್ರಾಂ ಮಾತ್ರೆಯ ಕಾಲುಭಾಗ, ದಿನಕ್ಕೊಂದು ಸಲ. ವಿಪರೀತ ಕಹಿ, ನಾಲಿಗೆಗೆ ತಾಕಿದರೆ ನೊರೆ ಸುರಿಸುತ್ತವೆ. ಖಾಲಿ ಕ್ಯಾಪ್ಸೂಲಿನೊಳಗೆ ಹಾಕಿ, ಮೇಲೆ ಚೂರು ತುಪ್ಪ ಸವರಿ ನುಂಗಿಸಿ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ.

ತೂತನ್ನು ಮನುಷ್ಯರಿಗೆ ಮುಚ್ಚಿದಂತೆ ಬೆಕ್ಕಿಗೂ ಮುಚ್ಚಬಹುದಲ್ಲ? ಹೃದಯ ನಿಲ್ಲಿಸಿ ಒಳಗೆ ಹೊಲಿಯಲು ರಕ್ತವನ್ನು ಯಂತ್ರದ ಮೂಲಕ ಸುತ್ತಿಸಬೇಕು. ನಾಲ್ಕು ಕೆ.ಜಿ. ಬೆಕ್ಕಿನ ಮೈಯಲ್ಲಿರುವ ಒಟ್ಟು ರಕ್ತವೇ ಕಾಲು ಲೀಟರಿಗೂ ಸ್ವಲ್ಪ ಕಡಿಮೆ. ಯಂತ್ರದ ಕೊಳವೆಗಳನ್ನು ತುಂಬಿಸಲೇ ದಾನಿ ಬೆಕ್ಕುಗಳ ರಕ್ತ ಬೇಕು. ಅದಕ್ಕೇ ಅದು ಜಗತ್ತಿನಲ್ಲೆಲ್ಲೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ.

ಅದೇ ತಾಯಿಗೆ ಮತ್ತೆ ಮರಿ ಮಾಡಿಸಬಹುದೇ? ಬೇಡ. ದೋಷವಿರುವ ಬೆಕ್ಕನ್ನಂತೂ ತಳಿಗೆ ಬಿಡಲೇಬಾರದು. ಅದರ ಒಡಹುಟ್ಟಿದ ಮರಿಗಳ ಎದೆಯನ್ನೂ ಕೇಳಿಸಿ.

ಹಾಗಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ತಡೆದುಕೊಂಡೀತೇ? ಚಿಕ್ಕ ತೂತು, ಹಿಗ್ಗದ ಎಡ ಮೇಲ್ಕೋಣೆ ಇದ್ದರೆ ತಡೆದುಕೊಳ್ಳುತ್ತದೆ. ಆದರೆ ಎಕೋ ವರದಿಯನ್ನು ಅರಿವಳಿಕೆ ಕೊಡುವವರ ಕೈಗೇ ಕೊಡಿ. ಶಿಬಿರಗಳಲ್ಲಿ ರೂಢಿಯಲ್ಲಿರುವ ಕ್ಸೈಲಾಜಿನ್ ಮತ್ತು ಕೆಟಮಿನ್ ಮಿಶ್ರಣ ಈ ಬೆಕ್ಕುಗಳಿಗೆ ಹೊಂದುವುದಿಲ್ಲ: ಕ್ಸೈಲಾಜಿನ್ ಹೃದಯವನ್ನು ಕುಗ್ಗಿಸಿ ರಕ್ತನಾಳ ಬಿಗಿಸುತ್ತದೆ, ಕೆಟಮಿನ್ ಬಡಿತ ಏರಿಸುತ್ತದೆ. ಅರಿವಳಿಕೆಗೆ ಮೊದಲು ಐದು ನಿಮಿಷ ಆಕ್ಸಿಜನ್ ಕೊಡಲಿ. ಡ್ರಿಪ್ ಹಾಕಿದರೆ ಗಂಟೆಗೆ ಕೆ.ಜಿ.ಗೆ 2ರಿಂದ 3 ಎಂ.ಎಲ್. ಮೀರದಿರಲಿ; ಹೃದಯದೋಷವಿರುವ ಬೆಕ್ಕುಗಳು ಹೆಚ್ಚಾದ ಡ್ರಿಪ್ಪಿನಿಂದ ಶ್ವಾಸಕೋಶಕ್ಕೆ ನೀರು ಸೇರಿ ಸಾಯುತ್ತವೆ. ಮುಂದೆ ಎಂದಾದರೂ ತುರಿಕೆಗೆಂದು ತಿಂಗಳುಗಟ್ಟಲೆ ಕೆಲಸ ಮಾಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಲು ಹೊರಟಾಗಲೂ ಇದೇ ವರದಿ ತೋರಿಸಿ. ಅದೂ ಮೈಯಲ್ಲಿ ನೀರು ಹಿಡಿಸುತ್ತದೆ. ಮನೆಗೆ ಬಂದ ರಾತ್ರಿ ಮಲಗಿದ ಮೇಲೆ ಒಮ್ಮೆ, ನಡುರಾತ್ರಿ ಎದ್ದಾಗ ಒಮ್ಮೆ, ಬೆಳಗ್ಗೆ ಒಮ್ಮೆ ಉಸಿರು ಎಣಿಸಿ ಹಳೆಯ ಪುಟದಲ್ಲಿ ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಬರೆಯಿರಿ.